ಬೊಟ್ಟು

ಹಳೆಯ ಕಂಪ್ಯೂಟರು ಮಂಗಳವಾರ ಸತ್ತಿತು,
ಮೀನು ತುಂಬಿದ ದೋಣಿ ತೂಕಕ್ಕೆ ಕಾದು ನಿಂತಾಗ.
ಶುಕ್ರವಾರದ ಹಡಗಿಗೆ ಹೊಸದು ಬಂತು,
ತೋರ್ಸ್‌ಹಾನ್‌ನಿಂದ, ಎರಡು ಚೀಲ ಆಲೂಗಡ್ಡೆಯ ಜೊತೆ.

ಫೆರೋ ದ್ವೀಪಗಳ ತೆಂಕಣ ತುದಿ,
ವಾಗುರ್ ಬಂದರಿನ ತೂಕದ ಕಚೇರಿ.
ರಾತ್ರಿ ಪಾಳಿ. ನಾನೊಬ್ಬಳೇ.
ಹಾನುಸ್ ಬಿಟ್ಟುಹೋದ ಚೀಟಿಯಲ್ಲಿ ಮೂರೇ ಸಾಲು:
ಮೊದಲು ಸಲಕರಣೆ ಇಳಿಸಿಕೋ.
ಆಮೇಲೆ ಭಂಡಾರದ ವಿಳಾಸ ಕೊಡು.
ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡ, ರನ್ವಾ.

ಇಳಿಸಿಕೊಂಡೆ. ಹೆಸರು ಹಿಡಿದು ಕರೆದೆ.
'ಅಂಥ ಆಜ್ಞೆ ಇಲ್ಲ' ಎಂದಿತು ಕಪ್ಪು ಪರದೆ.
ಕಂಕುಳಲ್ಲಿ ಕೂಸಿಟ್ಟುಕೊಂಡು
ಊರೆಲ್ಲ ಹುಡುಕುವ ಪೈಕಿ ಇದು;
ಹುಡುಕುವ ದಾರಿಗೆ ಇನ್ನೊಂದು ಓಣಿ ಸೇರಿಸಿದೆ,
ಪರದೆ ಮುಚ್ಚಿ ತೆರೆದೆ,
ಈಗ ಓಗೊಟ್ಟಿತು.

ಕಡತಗಳ ಹೆಸರಿನ ಮುಂದೆ ಒಂದೊಂದು ಚುಕ್ಕಿ.
ದೃಷ್ಟಿಬೊಟ್ಟು.
ಇಟ್ಟರೆ ಸಾಕು, ಯಾರ ಕಣ್ಣಿಗೂ ಬೀಳುವುದಿಲ್ಲ;
ಪಟ್ಟಿ ಕೇಳಿದರೆ ಪಟ್ಟಿಯಲ್ಲಿಲ್ಲ,
ಹುಷಾರಾಗಿ ಕೇಳಿದರೆ ನಲವತ್ತಿವೆ.
ಹನ್ನೊಂದು ವರ್ಷ ಹಾನುಸ್ ಸಾಕಿದ ಇವು
ಕೇಬಲ್ಲಿನೊಳಗೆ ಸಮುದ್ರ ದಾಟಿ ಬಂದು
ತಂತಮ್ಮ ಜಾಗ ಹಿಡಿದು ಕೂತವು.
ನಕಲಲ್ಲ, ಬರೀ ಕೊಂಡಿ.
ಮೂಲ ಇರುವುದು ಒಂದೇ ಕಡೆ,
ಉಳಿದೆಡೆಯೆಲ್ಲ ಅದರತ್ತ
ಬೊಟ್ಟು ಮಾಡುವ ಹೆಸರು.

ನಡುವೆ ಒಮ್ಮೆ ತಡೆಯಿತು:
'ಇಲ್ಲಿ ಆಗಲೇ ಒಂದು ಕಡತ ಇದೆ. ಅಳಿಸಲೇ?'
ಅದು ನನ್ನದು. ಮಧ್ಯಾಹ್ನ ಬರೆದದ್ದು, ಏಳು ಸಾಲು,
ಪರದೆಯ ಬಣ್ಣ, ಅಕ್ಷರದ ಗಾತ್ರ, ಅಷ್ಟೇ.
ಕಾಫಿ ಆರುತ್ತಿತ್ತು.
ಹೂಂ ಅಂದೆ.

ಆಮೇಲೆ ಕೀಲಿಮಣೆ ನನ್ನ ಮಾತು ಕೇಳಲಿಲ್ಲ.
ಎಡತುದಿಯ ಕಂಟ್ರೋಲ್ ಸತ್ತುಹೋಗಿತ್ತು.
ಶಿಫ್ಟ್ ಒಮ್ಮೆ ತಟ್ಟಿದರೆ ಅಂಟಿಕೊಂಡು ಕೂರುತ್ತಿತ್ತು.
ಎಸ್ಕೇಪ್ ಒತ್ತಿದೆ, ಒತ್ತಿದೆ, ಏನೂ ಇಲ್ಲ.
ಅಪ್ಡೇಟೋ ದೆವ್ವವೋ ಎಂದು ಬೈದುಕೊಂಡು
ಕಡತ ಬಿಚ್ಚಿದರೆ, ಹ್ಯಾಷ್ ಗುರುತಿನ ಹಿಂದೆ
ಯಂತ್ರ ಓದದ ಅವನ ಮಾತು:

# ಕಂಟ್ರೋಲ್ ಹೆಬ್ಬೆರಳಿಗೆ ವರ್ಗ.
# ಕಿರುಬೆರಳು ರಜೆ ಮೇಲಿದೆ, ಬರುವ ಲಕ್ಷಣ ಕಾಣೆ.
# ಎಸ್ಕೇಪ್ ಬದಲು ಜೆ ಎರಡು ಸಲ.
# ಎರಡು ಜೆ ಒಟ್ಟಿಗೆ ಬರುವ ಪದ ನಮ್ಮಲ್ಲಿಲ್ಲ, ನೋಡಿದ್ದೇನೆ.

ದಾರ ಸುತ್ತುವ ರಾಟೆ
ಎಡಗೈಯ ಎರಡು ಬೊಟ್ಟು ತೆಗೆದುಕೊಂಡ ಮೇಲೆ
ದೋಣಿ ಬಿಟ್ಟು ಈ ಕುರ್ಚಿಗೆ ಬಂದವನು.
ಅವನ ಕೈ ನೋಡಿದ್ದೆ, ನೋಡದ ಹಾಗೆ.
ಇಂದು ನನ್ನ ಹತ್ತು ಬೆರಳು
ಅವನ ಎಂಟರ ಕೈಗವಸಿನೊಳಗೆ.

ಅಳಿಸಿದ್ದನ್ನು ವಾಪಸು ತರಬಹುದು,
ಭಂಡಾರ ಹಳೆಯದನ್ನು ಮರೆಯುವುದಿಲ್ಲ ಎನ್ನುತ್ತಾರೆ;
ಅದು ಭಂಡಾರಕ್ಕೆ ಸೇರಿದ್ದರೆ.
ನನ್ನ ಏಳು ಸಾಲು ಸೇರಿರಲಿಲ್ಲ. ಹೋಯಿತು.
ಮತ್ತೆ ಬರೆದೆ, ಐದೇ ನೆನಪಿಗೆ ಬಂದವು.
ಅದರ ಮೇಲೊಂದು ಪ್ರಶ್ನೆ ಇಟ್ಟೆ:
ಕೂತವರು ಯಾರು?
ಅವನಾದರೆ ಅವನ ಕೀಲಿ, ನಾನಾದರೆ ನನ್ನವು.
ಮೂರೂವರೆಗೆ ಕೆಲಸ ಮಾಡಿತು.
ಮೂರೂ ಮುಕ್ಕಾಲಿಗೆ ದೋಣಿ ಬಂತು,
ಒಂಬತ್ತು ಟನ್ನು, ಮಂಜು ಸೇರಿ.

ಬೆಳಿಗ್ಗೆ ಹಾನುಸ್ ಬಂದ, ನಿವೃತ್ತನಾದರೂ ಬರುತ್ತಾನೆ.
ಕೂತ, ತನ್ನ ಹೆಸರು ಕೊಟ್ಟು ಒಂದು ಸಾಲು ಹೊಡೆದ.
'ಐದು ಬೆರಳೂ ಸಮ ಇಲ್ಲ ಅನ್ನುತ್ತಾರಲ್ಲ,
ಮೂರೂ ಸಮ ಇಲ್ಲ ಕಣೇ' ಎಂದ.
ಆಮೇಲೆ, ತಿರುಗದೆಯೇ, 'ಹೂಂ ಅಂದೆಯಾ?'
'ಒಂದೇ ಸಲ.'

ಎಸ್ಕೇಪ್ ಮಾತ್ರ ನಾನು ಬಿಡಿಸಿಕೊಳ್ಳಲಿಲ್ಲ.
ಜೆ ಎರಡು ಸಲ. ಬೆರಳಿಗೆ ಹತ್ತಿರ, ಇರಲಿ ಬಿಡು.
ಈಗ ಮನೆಯಿಂದ ಅಮ್ಮನಿಗೆ ಬರೆದ ಕಾಗದದ ಕೊನೆಗೂ
ಅವು ಬಂದು ಕೂರುತ್ತವೆ.
ಅಮ್ಮ ಫೋನು ಮಾಡಿ ಕೇಳಿದಳು:
ಯಾರೇ ಇದು, ಜೆ ಜೆ?